ಮಹಡಿ ಮನೆಯ ನರ್ಸ್ ಓದಲು ಹೊರಟಿದ್ದು

ಪಟ್ಟಂದೂರು ಅಗ್ರಹಾರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ನರ್ಸ್, ಅಮ್ಮನಿಗೆ ಕೀಮೋ ಕೊಡುತ್ತಿದ್ದ ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಿದ್ದರು. ಅಮ್ಮನ ಕೈಯಲ್ಲಿ ನರ ಹುಡುಕುವ ಮೊದಲು ತಮ್ಮ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. "ಅವಸರ ಇಲ್ರೀ ಅಮ್ಮಾರ, ನಾ ಇಲ್ಲೇ ಅದೀನಿ" ಎನ್ನುವುದು ಅವರ ಯಾವತ್ತಿನ ಮಾತು.

ಕ್ಯಾನ್ಸರ್ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಮಾಡುವ ನರ್ಸ್‌ಗಳಿಗೆ ಒಂದು ಟ್ರಸ್ಟ್ ಸ್ಕಾಲರ್‌ಶಿಪ್ ಕೊಡುತ್ತಿತ್ತು. ಅದರ ಸಂದರ್ಶನಕ್ಕೆ ಅವರು ನಮ್ಮ ಹಾಲ್‌ನಲ್ಲಿ, ನನ್ನ ಲ್ಯಾಪ್‌ಟಾಪ್ ಮುಂದೆ ಕೂತರು. ಇಷ್ಟು ವರ್ಷ ಕೆಲಸ ಮಾಡಿದ ಮೇಲೆ ಮತ್ತೆ ಓದು ಯಾಕೆ ಎಂದು ಅತ್ತ ಕಡೆಯಿಂದ ಯಾರೋ ಕೇಳಿದರು.

"ನೋವಾದಾಗ ಕೈ ಹಿಡಕೊಳ್ಳಾಕ ನನಗ ಬರತೈತ್ರಿ ಸರ್. ನೋವು ಕಡಿಮಿ ಮಾಡೋದು ಕಲೀಬೇಕಾಗೈತ್ರಿ."

ಸ್ಕಾಲರ್‌ಶಿಪ್ ಸಿಕ್ಕಿತು. ಆದರೆ ಕಾಲೇಜು ಬೇರೆ ಊರಿನಲ್ಲಿತ್ತು, ಅಮ್ಮನ ಚಿಕಿತ್ಸೆ ಇನ್ನೂ ಬಾಕಿಯಿತ್ತು. ಸುದ್ದಿ ಹೇಳಲು ಬಂದವರು ಬಾಗಿಲಲ್ಲೇ ನಿಂತು, "ಈ ವರ್ಷ ಬ್ಯಾಡಂತ ಹೇಳಿಬಿಡ್ತೀನ್ರಿ. ಮೊದಲ ನಿಮ್ಮದು ಮುಗೀಲಿ" ಎಂದರು.

ಅಮ್ಮನಿಗೆ ಸಿಟ್ಟೇ ಬಂತು. "ಬುಟ್ರೆ ಮತ್ತೆ ಸಿಕ್ತದಾ? ನನ್ನಂಗೆ ಇನ್ನೂ ಎಷ್ಟೋ ಜನ ಬತ್ತಾರೆ. ಓಗವ್ವ, ಕಲ್ತ್ಕೊಂಡ್ ಬಾ" ಎಂದು ಗದರಿದಳು. ಅವರು ಮಹಡಿ ಹತ್ತಿ ಹೋದ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಹೊರಡುವ ದಿನ ಬೆಳಿಗ್ಗೆ ಅಮ್ಮ ಅವರನ್ನು ತನ್ನ ಮುಂದೆ ಕೂರಿಸಿಕೊಂಡಳು. ಅವಳ ತಲೆಯಲ್ಲಿ ಒಂದೂ ಕೂದಲು ಉಳಿದಿರಲಿಲ್ಲ. ಅವರ ಉದ್ದ ಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ನಿಧಾನವಾಗಿ ಜಡೆ ಹೆಣೆಯತೊಡಗಿದಳು. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ. ಜಡೆ ಮುಗಿಯುವವರೆಗೂ ಇಬ್ಬರೂ ಏಳಲಿಲ್ಲ.