ಶುಕ್ರವಾರದ ಕೆಂಡ

ಒಂದು ಮಾತು ಕೇಳುತ್ತೇನೆ, ಮುಚ್ಚುಮರೆ ಮಾಡದೆ ಹೇಳಿ. ಬೆಳಿಗ್ಗೆ ಎದ್ದಾಗ ನಿಮ್ಮ ಒಲೆ ತಣ್ಣಗಾಗಿತ್ತು. ಪಕ್ಕದ ಮನೆಗೆ ಕೆಂಡ ಕೇಳಲು ಹೋದಿರಿ. "ಇವತ್ತು ಶುಕ್ರವಾರ ಕಣಮ್ಮ, ಬೆಂಕಿ ಕೊಡಬಾರ್ದು" ಅನ್ನಿಸಿಕೊಂಡು ಬರಿಗೈಯಲ್ಲಿ ವಾಪಸ್ ಬಂದಿರಿ. ಹೀಗೆ ನಿಮಗೆ ಆಗಿದೆಯೇ? ನನಗಂತೂ ಆಗಿದೆ, ಒಂದು ಸಲ ಅಲ್ಲ.

ಎರಡನೇ ಮಹಾಯುದ್ಧದ ಕಾಲ ಅದು. ಬೆಂಕಿಪೊಟ್ಟಣ ಅಂಗಡಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ದೊಡ್ಡಬಳ್ಳಾಪುರದ ಪೇಟೆಯಲ್ಲಿ ಬೆಳೆದವಳು. ನಮ್ಮ ಸೀಮೆಯದೇ ಆದ ವಿಜಯಪುರದ ಹತ್ತಿರದ ಹಳ್ಳಿಯ ಒಕ್ಕಲು ಮನೆಗೆ ಕಿರಿಸೊಸೆಯಾಗಿ ಬಂದೆ. ಬಂದ ಮರುವರ್ಷವೇ ನಾನೂ ಗಂಡನೂ ದೊಡ್ಡ ಮನೆಯಿಂದ ಬೇರೆಯಾದೆವು. ದೊಡ್ಡ ಕಾರಣವೇನೂ ಇರಲಿಲ್ಲ. ಒಂದು ಒಲೆಯ ಮುಂದೆ ಓರಗಿತ್ತಿ ಮತ್ತು ನಾನು ಇಬ್ಬರೂ ಕೂರುವಷ್ಟು ಜಾಗ ಇರಲಿಲ್ಲ, ಅಷ್ಟೇ. ಜಾಗ ಎಂದರೆ ನೆಲದ ಮಾತಲ್ಲ, ನಿಮಗೆ ಗೊತ್ತಾಗುತ್ತದೆ.

ನಮ್ಮ ಪಾಲಿಗೆ ಬಂದದ್ದು ಕೊಟ್ಟಿಗೆಯ ಪಕ್ಕದ ಕೋಣೆ, ಒಂದಿಷ್ಟು ಹೊಲ, ಅಡುಗೆಗೆ ನಾಲ್ಕು ಮಡಕೆ. ಅತ್ತೆ ದೊಡ್ಡ ಮಗನ ಮನೆಯಲ್ಲೇ ಉಳಿದರು. ನಾನು ಮಣ್ಣು ಕಲಸಿ ಹೊಸ ಒಲೆ ಹಾಕುತ್ತಿದ್ದಾಗ ಬಾಗಿಲಲ್ಲಿ ನಿಂತು ನನ್ನ ಗಂಡನಿಗೆ ಹೇಳಿದರು: "ಈ ಒಲೆ ತುತ್ತು ನಾನು ಮುಟ್ಟಲ್ಲ ಕಣೋ. ಪೇಟೆ ಹುಡುಗಿ, ವರ್ಷ ತುಂಬೋದ್ರೊಳಗೆ ಮಡಕೆ ಹೊತ್ಕೊಂಡು ವಾಪಸ್ ಬರ್ತಾಳೆ, ನೋಡ್ತಿರು."

ಆ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ಈ ಒಲೆ ನಿಲ್ಲಬೇಕು, ಅತ್ತೆ ಒಂದು ದಿನವಾದರೂ ಇದರ ಮುಂದೆ ಕೂತು ಉಣ್ಣಬೇಕು. ಬೇರೆ ಆಸೆ ನನಗೆ ಇರಲಿಲ್ಲ.

ಒಲೆಯೇನೋ ನಿಂತಿತು, ಅದಕ್ಕೆ ಬೆಂಕಿ ಮಾತ್ರ ದೊಡ್ಡ ಮನೆಯಿಂದಲೇ ಬರಬೇಕಿತ್ತು. ದಿನಾ ಬೆಳಿಗ್ಗೆ ಕೆಂಡ ಹಾಕಿಸಿಕೊಳ್ಳಲು ಒಡೆದ ಮಡಕೆಯ ಓಡು ಹಿಡಿದುಕೊಂಡು ಓರಗಿತ್ತಿಯ ಮುಂದೆ ನಿಲ್ಲುತ್ತಿದ್ದೆ. ಮಂಗಳವಾರ, ಶುಕ್ರವಾರ ಅದೂ ಇಲ್ಲ. ಆ ದಿನ ಬೆಂಕಿ ಹೊರಗೆ ಹೋದರೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂದು ಬೀದಿಯಲ್ಲಿ ಯಾರೂ ಕೊಡುತ್ತಿರಲಿಲ್ಲ. ನಮ್ಮ ತವರಲ್ಲೂ ಇದೇ ಪದ್ಧತಿ. ಅಲ್ಲಿ ನಾನು ಕೊಡದವರ ಕಡೆ ನಿಂತಿದ್ದೆ, ಇಲ್ಲಿ ಕೇಳುವವರ ಕಡೆಗೆ ಬಂದಿದ್ದೆ. ವಾರಕ್ಕೆರಡು ದಿನ ನಮಗೆ ತಂಗಳು ಮುದ್ದೆ, ಮಜ್ಜಿಗೆ. ಗಂಡ ಬೇಸರ ಮಾಡಿಕೊಳ್ಳಲಿಲ್ಲ. "ಇವತ್ತು ಹಬ್ಬದೂಟನಾ?" ಎಂದು ಕೇಳಿ ಸುಮ್ಮನೆ ಉಣ್ಣುತ್ತಿದ್ದರು.

ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಗಿನವರೆಗೆ ಉಳಿಸಿಕೊಳ್ಳುವುದು ಕೇಳಲು ಸುಲಭ. ನಾನು ಮೊದಲು ಬೂದಿಯನ್ನು ಒತ್ತಿ ಒತ್ತಿ ಹಾಕುತ್ತಿದ್ದೆ, ಕೆಂಡ ಉಸಿರುಕಟ್ಟಿ ಸಾಯುತ್ತಿತ್ತು. ತೆಳ್ಳಗೆ ಹಾಕಿದರೆ ಉರಿದು ಮುಗಿದಿರುತ್ತಿತ್ತು. ಬೆರಣಿ ಇಟ್ಟು ನೋಡಿದೆ, ಬೇವಿನ ಕಟ್ಟಿಗೆ ಇಟ್ಟು ನೋಡಿದೆ. ಕೊನೆಗೆ ಕೈಹಿಡಿದದ್ದು ಹುಣಸೆ ಕೊರಡು. ಅದರ ತುದಿ ಚೆನ್ನಾಗಿ ಕೆಂಪಾದ ಮೇಲೆ ಸಡಿಲವಾಗಿ ಬೂದಿ ಹೊದಿಸಿದರೆ, ಬೆಳಿಗ್ಗೆ ಊದುಕೊಳವೆಯಿಂದ ಊದಿದೊಡನೆ ಕಣ್ಣು ಬಿಡುತ್ತಿತ್ತು. ಅಲ್ಲಿಂದಾಚೆ ಓಡು ಹಿಡಿದು ನಾನು ಯಾರ ಬಾಗಿಲಿಗೂ ಹೋಗಲಿಲ್ಲ.

ಬಚ್ಚಲ ನೀರು ಹರಿಯುವ ಜಾಗದಲ್ಲಿ ದಂಟು, ಬದನೆ, ಮೆಣಸಿನ ಗಿಡ ಹಾಕಿದೆ. ಎಲ್ಲವನ್ನೂ ನಾವೇ ಬೆಳೆದುಕೊಂಡೆವು ಎಂದು ಬುರುಡೆ ಬಿಡುವುದಿಲ್ಲ. ಉಪ್ಪು, ಸೀಮೆಎಣ್ಣೆಗೆ ಅಂಗಡಿಯೇ ಗತಿ. ಆದರೆ ಸಾರಿಗೆ ಏನಪ್ಪಾ ಎಂದು ಯೋಚಿಸುವುದು ತಪ್ಪಿತು.

ಒಂದು ಎಡವಟ್ಟನ್ನೂ ಮಾಡಿದೆ. ಯುಗಾದಿ ಕಳೆಯುತ್ತಿದ್ದಂತೆ ಗೋಡೆ ಬುಡದಲ್ಲಿ ಅವರೆ ಬೀಜ ಊರಿದೆ. ಊರವರೆಲ್ಲ ಮಳೆಗಾಲದಲ್ಲಿ ರಾಗಿಯ ಜೊತೆ ಹಾಕುವ ಅವರೆಯನ್ನು ನಾನು ಬೇಸಿಗೆಯಲ್ಲಿ ಹಾಕಿದೆ. ಬೇಗ ಹಾಕಿದರೆ ಬೇಗ ಕಾಯಿ ಎಂಬುದು ನನ್ನ ಪೇಟೆ ಲೆಕ್ಕಾಚಾರ. ಬಳ್ಳಿ ಕೊಟ್ಟಿಗೆಯ ಸೂರು ಹತ್ತಿತು, ದೊಡ್ಡ ಮನೆಯ ಹೆಂಚಿಗೂ ಕೈಚಾಚಿತು, ಆದರೆ ಒಂದು ಹೂವೂ ಇಲ್ಲ. ಅವರೆಗೆ ಚಳಿ ಬೀಳದೆ ಹೂವಿನ ಯೋಚನೆಯೇ ಬರುವುದಿಲ್ಲ ಎಂದು ನನಗೆ ಯಾರು ಹೇಳಿದ್ದರು? ಜಗಲಿಯ ಮೇಲೆ ಕೂತ ಅತ್ತೆ ಬಳ್ಳಿ ನೋಡಿ ದಿನಾ ಒಂದು ಮಾತು ಎಸೆಯುತ್ತಿದ್ದರು.

"ಲೇ, ಕಿತ್ತು ದನಕ್ಕೆ ಹಾಕೇ ಅದನ್ನ. ಅದು ಕಾಯಿ ಬಿಡೋ ಹೊತ್ಗೆ ನಾನು ಮಣ್ಣಾಗಿರ್ತೀನಿ."

ನಾನು ಕೀಳಲಿಲ್ಲ. ಹಟ ಎನ್ನಿ, ಸೋಮಾರಿತನ ಎನ್ನಿ. ಚಳಿ ಬಿತ್ತು, ಹೂ ಬಂತು, ಆಮೇಲೆ ಕೈಗೆ ಅಂಟುವ ಸೊಗಡಿನ ಕಾಯಿ ಗೊಂಚಲು ಗೊಂಚಲಾಗಿ ಇಳಿಬಿದ್ದಿತು.

ಆ ಚಳಿಗಾಲದ ಒಂದು ಶುಕ್ರವಾರ ನಾನು ಅವರೆಕಾಳಿನ ಸಾರು ಕುದಿಸುತ್ತಿದ್ದೆ. ಓರಗಿತ್ತಿ ಓಡು ಹಿಡಿದುಕೊಂಡು ಬಾಗಿಲಿಗೆ ಬಂದಳು. ಅವಳ ಒಲೆಯ ಮೇಲಿದ್ದ ನೀರಿನ ಮಡಕೆ ಒಡೆದು ಬೆಂಕಿಯೆಲ್ಲ ನಂದಿಹೋಗಿತ್ತು. ಸುಳ್ಳು ಯಾಕೆ ಹೇಳಲಿ, ಆ ಓಡು ನೋಡಿ ನನಗೆ ಒಂದು ಗಳಿಗೆ ಬೆಲ್ಲ ತಿಂದಂತಾಯಿತು. ಆಮೇಲೆ ಅವಳ ಮುಖ ನೋಡಿದೆ. ಹಿಂದೆ ಓಡು ಹಿಡಿದು ನಿಲ್ಲುತ್ತಿದ್ದಾಗ ನನ್ನ ಮುಖವೂ ಹೀಗೇ ಇದ್ದಿರಬೇಕು.

"ಅಕ್ಕ, ಶುಕ್ರವಾರ. ಕೆಂಡ ಕೊಡಲ್ಲ" ಎಂದೆ. "ಊಟ ಇಕ್ಕಬಾರ್ದು ಅಂತ ಯಾರೂ ಹೇಳಿಲ್ಲ. ಎಲ್ರೂ ಇಲ್ಲಿಗೇ ಬನ್ನಿ."

"ಅತ್ತೆ ಬರ್ತಾರೇನೇ?"

"ಅದು ಅವರಿಷ್ಟ."

ಭಾವ, ಓರಗಿತ್ತಿ, ನನ್ನ ಗಂಡ ಕೂತರು. ಬಿಸಿ ಮುದ್ದೆ ಬಡಿಸಿದೆ. ಸೊಗಡು ಗೋಡೆ ದಾಟಿ ಜಗಲಿಗೂ ಹೋಗಿರಬೇಕು. ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ನಮ್ಮ ಪಾತ್ರೆ ಮುಟ್ಟಬಾರದೆಂದೋ ಏನೋ, ತಮ್ಮ ಊಟದ ತಣಿಗೆಯನ್ನು ತಾವೇ ತಂದಿದ್ದರು. ಒಲೆಯ ಮುಂದೆ ಅದನ್ನಿಟ್ಟು ಕೂತರು.

"ಮಣ್ಣಾಗಿರ್ತೀನಿ ಅಂದಿದ್ದೆ. ಇನ್ನೂ ಆಗಿಲ್ಲ, ಹಾಕು" ಎಂದರು.

ಎರಡು ಸಲ ಸಾರು ಹಾಕಿಸಿಕೊಂಡರು. ಉಪ್ಪು ಕಮ್ಮಿ ಎಂದರು. ಕಮ್ಮಿ ಏನೂ ಆಗಿರಲಿಲ್ಲ, ಆದರೂ ಒಂದು ಚಿಟಿಕೆ ಹಾಕಿದೆ. ಎದ್ದು ತಣಿಗೆಯನ್ನು ತೊಳೆದು, ನಮ್ಮ ಗೋಡೆಗೆ ಒರಗಿಸಿಟ್ಟು ಹೋದರು. ಮರೆತು ಹೋದರೆಂದುಕೊಂಡು ನಾನು ಅದನ್ನು ಹಿಡಿದು ಹಿಂದೆಯೇ ಓಡಿದೆ.

"ಅಲ್ಲೇ ಇರ್ಲಿ ಬಿಡು" ಎಂದರು, ತಿರುಗಿ ನೋಡದೆ.

ಆ ತಣಿಗೆ ಅತ್ತೆಯ ಕೊನೆಯವರೆಗೂ ನಮ್ಮ ಮನೆಯಲ್ಲೇ ಇತ್ತು.

ನಿಮ್ಮ ಮೊದಲ ಒಲೆಯ ಕಥೆ ಏನು? ಯಾರು ನಕ್ಕರು, ಯಾವ ಗಿಡ ಕೈಕೊಟ್ಟಿತು, ಕೊನೆಗೆ ಯಾರು ಬಂದು ಉಂಡರು? ಬರೆದು ತಿಳಿಸಿ. ನಾನಂತೂ ಕೂತು ಓದುವವಳು.