ಮೇಲಿನ ವಾರ್ಡಿನ ಸೊನ್ನೆ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ. ಎದುರಿಗೆ ಸಿಸ್ಟರ್, ಬೆನ್ನ ಹಿಂದೆ ಕಡ್ಡಿ ಸಿಸ್ಟರ್. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದು ಯಾರೋ ಇಟ್ಟ ಹೆಸರು. ಅದು ಅವಳ ಕಿವಿಗೂ ಬಿದ್ದಿತ್ತು. ಆಳು ದಪ್ಪಗಿದ್ದೀನಿ, ಹೆಸರಾದರೂ ಸಣ್ಣಗಿರಲಿ ಎಂದು ನಕ್ಕು ಸುಮ್ಮನಾಗಿದ್ದಳು.

ಕೆಳಮಹಡಿಯ ಗಂಡಸರ ವಾರ್ಡಿಗೆ ಅವಳೇ ಹೆಡ್ ನರ್ಸ್. ಮಂಡಿ ಹಿಡಿದವರು, ತಲೆ ಸುತ್ತುವವರು, ಏಳಬೇಡಿ ಎಂದರೆ ಬೇಕೆಂದೇ ಎದ್ದು ನಿಲ್ಲುವ ಮುದುಕರು. ಬೀಳದೆ ಇರುತ್ತಾರೆಯೇ? ಬಿದ್ದವರನ್ನು ಎತ್ತಿ ಕೂರಿಸಬೇಕು, ಡಾಕ್ಟರಿಗೆ ಹೇಳಬೇಕು, ಕಂಪ್ಯೂಟರಿನಲ್ಲಿ ಬರೆಯಬೇಕು. ಏಟಾಗದೆ ಮಂಚದ ಅಂಚಿನಿಂದ ಮೆಲ್ಲಗೆ ಜಾರಿ ನೆಲದ ಮೇಲೆ ಕೂತರೂ ಬರೆಯಲೇಬೇಕು. ಇದು ಅವಳ ವಾರ್ಡಿನ ಕಟ್ಟಳೆ. ಹಾಗೆ ಬರೆದು ಬರೆದೇ ಅವಳು ಬಚ್ಚಲುಮನೆಯ ಎಡವುವ ಹೊಸ್ತಿಲನ್ನು ಕೀಳಿಸಿ ನೆಲ ಸಮ ಮಾಡಿಸಿದ್ದಳು.

ಕೊನೆಗೆ ಆ ಬರವಣಿಗೆಯೇ ಅವಳ ಕುತ್ತಿಗೆಗೆ ಬಂತು.

ಆಸ್ಪತ್ರೆಗೆ ಹೊಸದಾಗಿ ಎಐ ಸಹಾಯಕ ಬಂದಿತ್ತು. ಅಲ್ಲಿನ ಅಂಕಿ ಅಂಶವೆಲ್ಲ ಅದರ ಹೊಟ್ಟೆಯೊಳಗೆ. ಪ್ರಶ್ನೆ ಟೈಪು ಮಾಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಸೂಪರಿಂಟೆಂಡೆಂಟ್ ಡಾಕ್ಟರಿಗಂತೂ ಆಟಿಕೆ ಸಿಕ್ಕ ಮಗುವಿನ ಸಂಭ್ರಮ. ರೋಗಿಗಳು ಹೆಚ್ಚು ಬೀಳುವ ವಾರ್ಡು ಯಾವುದೆಂದು ಕೇಳಿದರು. ಕೆಳಮಹಡಿಯ ಗಂಡಸರ ವಾರ್ಡು ಎಂದಿತು. ಎಲ್ಲಕ್ಕಿಂತ ಸುರಕ್ಷಿತ? ಮೇಲಿನ ಆಪರೇಷನ್ ವಾರ್ಡು, ಬಿದ್ದವರ ಸಂಖ್ಯೆ ಸೊನ್ನೆ. ಕೇಳದಿದ್ದರೂ ಒಂದು ಚಿತ್ರ ಬರೆದುಕೊಟ್ಟಿತು. ಅದರಲ್ಲಿ ಕಡ್ಡಿ ಸಿಸ್ಟರ್ ವಾರ್ಡು ಕೆಂಪು ಕಂಬದಂತೆ ಎದ್ದು ನಿಂತಿತ್ತು. ಸಂಜೆಯೊಳಗೆ ಸುದ್ದಿ ಹಬ್ಬಿತು: ಅವಳನ್ನು ಔಷಧದ ಸ್ಟೋರಿಗೆ ಹಾಕುತ್ತಾರಂತೆ, ಅವಳು ತಿದ್ದಿ ತೀಡಿದ ನರ್ಸುಗಳನ್ನು ದಿಕ್ಕಿಗೊಬ್ಬರಂತೆ ಹಂಚುತ್ತಾರಂತೆ. ಮಾರನೆಯ ದಿನವೇ ಮೀಟಿಂಗು.

ಮನೆಯಲ್ಲಿ ಅತ್ತೆ ಬಟಾಣಿ ಸುಲಿಯುತ್ತ ಕೂತಿದ್ದರು. ನಡೆಯಲು ಆಸರೆಯಾದ ನಾಲ್ಕು ಕಾಲಿನ ವಾಕರ್ ಪಕ್ಕದಲ್ಲಿತ್ತು. ಅದಕ್ಕೆ ಅವರು ಇಟ್ಟ ಹೆಸರು ಕುದುರೆ.

"ಏನೇ, ಮುಖ ಯಾಕೆ ಗಂಟು ಹಾಕ್ಕೊಂಡಿದ್ದೀಯ?"

ಅವಳು ಎಲ್ಲವನ್ನೂ ಹೇಳಿದಳು. ಸೊನ್ನೆ ಎಂದಾಗ ಅತ್ತೆಯ ಕೈ ನಿಂತಿತು.

"ಯಾವ ವಾರ್ಡು ಅಂದೆ?"

"ಮೇಲಿಂದು ಅತ್ತೆ. ನಿಮಗೆ ಹೊಟ್ಟೆ ಆಪರೇಷನ್ ಆದಾಗ ಇದ್ರಲ್ಲ, ಅದೇ."

"ಹಾಗಾದ್ರೆ ಆ ಸೊನ್ನೆ ಒಳಗೆ ನಾನಿದ್ದೀನಲ್ಲೇ! ಬಚ್ಚಲ ಬಾಗಿಲಲ್ಲಿ ದೊಪ್ಪಂತ ಬಿದ್ದು ಸೊಂಟ ಮುರ್ಕೊಂಡೆ. ಈ ಕುದುರೆ ನನ್ನ ಹಿಂದೆ ಬಿದ್ದಿದ್ದೇ ಆವತ್ತಿಂದ. ನಾನು ಬಿದ್ದಿದ್ದು ಯಾರ ಲೆಕ್ಕಕ್ಕೂ ಇಲ್ವಾ?"

ಸೊಸೆಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ನೆತ್ತಿಗೇರಿತು. ಈ ಮುದುಕಿಯನ್ನು ತಿಂಗಳುಗಟ್ಟಲೆ ಎತ್ತಿ, ಒರೆಸಿ, ಮಗ್ಗುಲು ಬದಲಿಸಿದವಳು ಅವಳೇ. ಅಷ್ಟು ನೋವು ಏನೂ ಅಲ್ಲವೆಂದು ಎಣಿಕೆಯಾಗಿ ಕೂತಿದೆಯಲ್ಲ!

ಬೆಳಿಗ್ಗೆ ವಾರ್ಡಿಗೆ ಕಾಲಿಟ್ಟರೆ, ಕಿಟಕಿ ಪಕ್ಕದ ಮಂಚದ ತಾತ ಚಪ್ಪಲಿ ಹುಡುಕಲು ಹೋಗಿ ನೆಲದ ಮೇಲೆ ಕೂತಿದ್ದ! ಕಿರಿಯ ನರ್ಸು ಅವನನ್ನು ಎತ್ತಿ ಮಲಗಿಸಿ ಓಡಿ ಬಂದಳು.

"ಅಕ್ಕಾ, ಇವತ್ತೊಂದಿನ ಬರೀಬೇಡಿ. ಏಟೇನೂ ಆಗಿಲ್ಲ. ತಾತನೂ ಯಾರಿಗೂ ಹೇಳಲ್ಲ ಅಂತಿದ್ದಾರೆ."

ಅವಳ ಬೆರಳು ಕೀಲಿಗಳ ಮೇಲೆ ಒಂದು ಗಳಿಗೆ ತಡೆಯಿತು. ಬಿಟ್ಟುಬಿಡೋಣ ಎಂದು ಅನಿಸಿದ್ದು ನಿಜ. ಇಪ್ಪತ್ತು ವರ್ಷ ಕಟ್ಟಿದ ವಾರ್ಡು, ಯಾರಿಗೆ ಬೇಡ?

"ಮುಚ್ಚಿಟ್ಟು ಉಳಿಸ್ಕೊಳ್ಳೋ ವಾರ್ಡು ನನಗೆ ಬೇಡ ಕಣೇ," ಎಂದು ಬರೆದೇ ಎದ್ದಳು.

ಮೀಟಿಂಗಿನಲ್ಲಿ ಸೂಪರಿಂಟೆಂಡೆಂಟರು, ಎಲ್ಲ ವಾರ್ಡಿನ ಹೆಡ್ ನರ್ಸುಗಳು, ಗೋಡೆಯ ಪರದೆಯ ಪಕ್ಕ ಕಂಪ್ಯೂಟರ್ ವಿಭಾಗದಾಕೆ. ಕೆಂಪು ಕಂಬ ಕೂದಲೆಳೆಯಷ್ಟು ಬೆಳೆದಿತ್ತು.

"ನೋಡಿ ಸಿಸ್ಟರ್, ಇದು ನಾನು ಹೇಳ್ತಿರೋದಲ್ಲ. ಅಂಕಿ ಅಂಶ ಹೇಳ್ತಿದೆ," ಎಂದರು ಸೂಪರಿಂಟೆಂಡೆಂಟರು.

"ಹಾಗಾದ್ರೆ ನಾನೂ ಅದನ್ನೇ ಕೇಳ್ತೀನಿ ಸಾರ್, ನಿಮ್ಮನ್ನಲ್ಲ." ಅವಳು ಕಂಪ್ಯೂಟರ್ ವಿಭಾಗದಾಕೆಯ ಕಡೆ ತಿರುಗಿದಳು. "ಹೇಗೆ ಎಣಿಸ್ದೆ ಅಂತ ಕೇಳಿದ್ರೆ ಹೇಳುತ್ತಾ ಇದು?"

"ಹೇಳುತ್ತೆ ಸಿಸ್ಟರ್. ಇಷ್ಟು ದಿನ ಯಾರೂ ಕೇಳಿರಲಿಲ್ಲ."

"ಟೈಪ್ ಮಾಡಿ. ಮೇಲಿನ ವಾರ್ಡಿಗೆ ಸೊನ್ನೆ ಅಂದ್ಯಲ್ಲ, ಯಾರೂ ಬೀಳಲಿಲ್ಲ ಅಂತ ಅಲ್ಲಿಂದ ಯಾರಾದ್ರೂ ಬರೆದಿದ್ದಾರಾ, ಇಲ್ಲ ಯಾರೂ ಏನೂ ಬರೆದೇ ಇಲ್ವಾ? ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು, ಊಹೆ ಮಾಡ್ಬೇಡ."

ಪರದೆಯ ಮೇಲೆ ಉತ್ತರ ಮೂಡಿತು: "ಮೇಲಿನ ವಾರ್ಡಿನಿಂದ ಯಾವ ವರದಿಯೂ ಬಂದಿಲ್ಲ. ಖಾಲಿ ಇದ್ದುದನ್ನು ನಾನು ಸೊನ್ನೆಯೆಂದು ಎಣಿಸಿದ್ದೆ. ಅಲ್ಲಿ ಎಷ್ಟು ಜನ ಬಿದ್ದರೆಂದು ನನಗೆ ಗೊತ್ತಿಲ್ಲ. ಯಾವ ವಾರ್ಡು ಸುರಕ್ಷಿತವೆಂದು ಹೇಳಲು ಈ ಮಾಹಿತಿ ಸಾಲದು."

ಎಲ್ಲರ ಕಣ್ಣೂ ಮೇಲಿನ ವಾರ್ಡಿನ ಹೆಡ್ ನರ್ಸ್ ಮೇಲೆ. ಆಕೆ ತಲೆ ತಗ್ಗಿಸಿದಳು.

"ಅವಳನ್ನ ನೋಡ್ಬೇಡಿ," ಎಂದಳು ಕಡ್ಡಿ ಸಿಸ್ಟರ್. "ಬರೆದವಳಿಗೆ ಸ್ಟೋರು, ಬರೀದೇ ಇದ್ದವಳಿಗೆ ಶಹಬ್ಬಾಸ್ ಅಂದ್ರೆ ಯಾರು ಬರೀತಾರೆ ಸಾರ್? ನನ್ನನ್ನ ಸ್ಟೋರಿಗೆ ಹಾಕಿ ನೋಡಿ. ನಾಳೆಯಿಂದ ಇಡೀ ಆಸ್ಪತ್ರೇಲಿ ಒಬ್ಬರೂ ಬೀಳಲ್ಲ, ಈ ಪರದೆ ಮೇಲೆ. ನಮ್ಮತ್ತೆ ಆ ಸೊನ್ನೇಲೇ ಸೊಂಟ ಮುರ್ಕೊಂಡ್ರು. ಮೂಳೆ ಕೂರಿಸಿದ್ದು ನೀವೇ."

ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿದರು. ನೆನಪಾಯಿತೆಂದು ಮುಖವೇ ಹೇಳುತ್ತಿತ್ತು. ಮೇಜಿನ ಮೇಲಿದ್ದ ಅವಳ ವರ್ಗಾವಣೆಯ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, ಇನ್ನು ಮುಂದೆ ಎಲ್ಲ ವಾರ್ಡಿನವರೂ ಬರೆಯಬೇಕು, ಬರೆದವರನ್ನು ಯಾರೂ ಬೈಯುವಂತಿಲ್ಲ ಎಂದರು. ತಪ್ಪಾಯಿತು ಎನ್ನಲಿಲ್ಲ. ಅವಳೂ ಅದಕ್ಕೆ ಕಾಯಲಿಲ್ಲ.

ಮಧ್ಯಾಹ್ನ ಮೇಲಿನ ವಾರ್ಡಿನ ಹೆಡ್ ನರ್ಸು ಮೆಟ್ಟಿಲಿಳಿದು ಬಂದಳು. ಬಾಗಿಲ ಹತ್ತಿರವೇ ನಿಂತು, "ಅಕ್ಕಾ, ನಿಮ್ಮ ಅತ್ತೆ ಬಿದ್ದಿದ್ದು ಯಾವತ್ತು?" ಎಂದು ಕೇಳಿದಳು. ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಕೂತರು.

ಸಂಜೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಾಯ್ತೇ?"

"ವಾರ್ಡು ಉಳೀತು ಅತ್ತೆ. ಮೇಲಿನ ವಾರ್ಡಿನ ಸೊನ್ನೆ ಹೋಯ್ತು."

"ಈಗ ಎಷ್ಟು?"

"ಒಂದು."

ಅತ್ತೆ ಕುದುರೆಯನ್ನು ಗಟ್ಟಿಯಾಗಿ ಹಿಡಿದು, ಆದಷ್ಟು ನೆಟ್ಟಗೆ ನಿಂತರು. "ಅದು ನಾನು," ಎಂದರು.