ಬಸ್ಸಿನ ಕಂದಾಯ, ಅಣ್ಣನ ಬಾಗಿಲು

ಎಂಬತ್ತರ ದಶಕ ಶುರುವಾದ ಹೊಸದರಲ್ಲಿ ನಾನು ಹೊಸೂರಿನ ಹತ್ತಿರದ ಒಂದು ಪಂಚಾಯತಿಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದೆ. ಮನೆಗಳನ್ನು ಅಳೆಯುವುದು, ಕಂದಾಯ ಕಟ್ಟಿಸಿಕೊಂಡು ರಸೀದಿ ಕೊಡುವುದು, ಕಟ್ಟದವರ ಮನೆಗೆ ಮತ್ತೆ ಮತ್ತೆ ಅಲೆಯುವುದು ನನ್ನ ಕೆಲಸ. ನಾನು ಓದಿದ್ದು ಎಂಟನೇ ಕ್ಲಾಸು, ಅದೂ ಅರ್ಧ. ಆ ಕೆಲಸದಲ್ಲಿ ಎಷ್ಟೋ ಮನೆಗಳ ಮುಂದೆ ನಿಂತಿದ್ದೇನೆ. ಮರೆಯಲಾಗದ್ದು ನಮ್ಮಣ್ಣನ ಮನೆ.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಮುನಿಯಪ್ಪ ನನ್ನನ್ನು ಶಾಲೆ ಬಿಡಿಸಿ ಎತ್ತಿನ ಗಾಡಿಗೆ ಹಾಕಿದ. ನಮ್ಮೂರು ಹೊಸೂರಿನ ದೊಡ್ಡ ರಸ್ತೆ ಬಿಟ್ಟು, ಅವಲಪಲ್ಲಿ ಎಂಬ ಹಳ್ಳಿಯಿಂದಲೂ ಒಳಗೆ. ಸಂತೆಗೆ ಹೋಗುವವರು, ಹೆರಿಗೆ ನೋವು ಬಂದವರು, ಟೊಮೆಟೊ ಕುಕ್ಕೆಗಳು ಎಲ್ಲವೂ ಹೊಸೂರು ಸೇರುತ್ತಿದ್ದುದು ನಮ್ಮ ಗಾಡಿಯಲ್ಲಿ. ಹುಡುಗ ಚೆನ್ನಾಗಿ ಓದುತ್ತಾನೆ, ಬಿಡಿಸಬೇಡ ಎಂದು ಮೇಷ್ಟ್ರು ಮನೆಗೇ ಬಂದು ಹೇಳಿದರು. ಅಣ್ಣ ನಕ್ಕುಬಿಟ್ಟ.

"ಓದ್ಬುಟ್ಟು ಏನ್ ಕಲೆಕ್ಟರ್ ಆಗ್ತಾನಾ ಸಾಮಿ? ಎತ್ತಿಗೆ ಹುಲ್ ಹಾಕ್ಲಿ ಬುಡಿ."

ಮುಂದೆ ಪಾಲಾದಾಗ ತಾತನ ಕಾಲದ ಮನೆ ಅವನಿಗೆ ಹೋಯಿತು, ಗಾಡಿಯೂ ಅವನಿಗೇ ಉಳಿಯಿತು, ಹಿತ್ತಲಿನ ಕೊಟ್ಟಿಗೆ ನನಗೆ ಬಂತು. ನಾನು ಪಂಚಾಯತಿ ಕೆಲಸ ಹಿಡಿದೆ. ಆ ನಗು, ಆ ಕೊಟ್ಟಿಗೆ ಎರಡನ್ನೂ ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ.

ಮೂಕಂಡಪಲ್ಲಿ ಕಡೆ ಕಾರ್ಖಾನೆಗಳು ಎದ್ದ ಮೇಲೆ ನಮ್ಮೂರಿಗೆ ಬಸ್ಸು ಬೇಕೆಂಬ ಕೂಗು ಎದ್ದಿತು. ಬಸ್ಸಿನ ಆಫೀಸರೊಬ್ಬರು ಬಂದು ನಮ್ಮ ಹಳ್ಳದ ದಾರಿ ನೋಡಿ, "ರೋಡ್ ಪೋಡುಂಗ, ಬಸ್ ವರುಂ" ಎಂದು ತಮಿಳಿನಲ್ಲಿ ಹೇಳಿ ಜೀಪು ಹತ್ತಿದರು. ರಸ್ತೆ ಹಾಕಿಸಿ, ಬಸ್ಸು ತಿರುಗುವಷ್ಟು ಜಾಗ ಬಿಡಿಸಿ, ತಂಗುದಾಣ ಕಟ್ಟಿಸಿದರೆ ಮಾತ್ರ ಬಸ್ಸು. ಪಂಚಾಯತಿಯಲ್ಲಿ ಅಷ್ಟು ದುಡ್ಡಿರಲಿಲ್ಲ. ಪ್ರೆಸಿಡೆಂಟರು ಸಭೆ ಕರೆದು, ಮನೆ ಕಂದಾಯದ ಮೇಲೆ ಬಸ್ಸಿನ ಪಾಲು ಅಂತ ಸ್ವಲ್ಪ ಏರಿಸಿದರು. ಹುಲ್ಲಿನ ಮನೆಗೆ ಕಡಿಮೆ, ಹೆಂಚಿನದಕ್ಕೆ ಜಾಸ್ತಿ, ತಾರಸಿಗೆ ಇನ್ನೂ ಜಾಸ್ತಿ. ಬಸ್ಸು ಬಂದರೆ ಜಾಗಕ್ಕೆ ಬೆಲೆ ಬರುತ್ತದೆ, ಕೋಣೆಗಳಿಗೆ ಬಾಡಿಗೆ ಬರುತ್ತದೆ, ಆದ್ದರಿಂದ ಮನೆ ಇರುವವನೇ ಕೊಡಲಿ ಎಂಬುದು ಅವರ ವಾದ.

ಸಭೆ ಮುಗಿದು ಜನ ಎದ್ದು ಹೋದ ಮೇಲೆ ಅವರು ನನಗೆ ಇನ್ನೊಂದು ಮಾತು ಹೇಳಿದರು. ಬಸ್ಸು ಬಂದರೆ ಗಾಡಿಯವರ ಅನ್ನ ಹೋಗುತ್ತದೆ, ಅವರ ಕೈಯಿಂದಲೇ ಬಸ್ಸಿಗೆ ದುಡ್ಡು ಕೀಳುವುದು ನ್ಯಾಯವಲ್ಲ. ಅವರು ಒಂದು ಅರ್ಜಿ ಕೊಟ್ಟರೆ ಆ ಪಾಲು ಮಾಫಿ.

"ನೀನೇ ಎಲ್ರಿಗೂ ಹೇಳ್ಬುಡಪ್ಪ" ಎಂದು ನನಗೆ ಒಪ್ಪಿಸಿದರು.

ಮಾವಿನಕಾಯಿ ತುಂಬಿಕೊಂಡು ಕೃಷ್ಣಗಿರಿ ಕಡೆ ಹೋಗಿದ್ದ ಅಣ್ಣ ಆ ದಿನ ಊರಲ್ಲಿರಲಿಲ್ಲ. ನಮ್ಮೂರಲ್ಲಿ ಗಾಡಿ ಬಾಡಿಗೆಗೆ ಹೊಡೆಯುತ್ತಿದ್ದವನು ಅವನೊಬ್ಬನೇ. ಉಳಿದವರು ಪಂಚಾಯತಿಗೆ ಸೇರಿದ ಪಕ್ಕದ ಹಳ್ಳಿಯವರು. ಅವರಿಗೆಲ್ಲ ಹೋಗಿ ಹೇಳಿದೆ, ಅರ್ಜಿ ಬರೆದೂ ಕೊಟ್ಟೆ. ಅಣ್ಣನಿಗೆ ಹೇಳಲಿಲ್ಲ. ಮರೆತೆ ಎಂದು ಮುಂದೆ ಎಷ್ಟೋ ಜನರಿಗೆ ಹೇಳಿದ್ದೇನೆ. ಮರೆತಿರಲಿಲ್ಲ.

ಅಣ್ಣ ಬಂದ ಮಾರನೇ ದಿನ ಅವನ ಜಗಲಿ ಮುಂದೆ ನಿಂತು ಕೂಗಿದೆ. "ಅಣ್ಣಾ, ಕಲೆಕ್ಟರ್ ಬಂದವ್ನೆ!"

ಅವನಿಗೆ ತನ್ನ ಹಳೇ ಮಾತು ನೆನಪಾಯಿತೋ ಇಲ್ಲವೋ ಗೊತ್ತಿಲ್ಲ. ಬಸ್ಸಿನ ಪಾಲು ಎಂದ ಕೂಡಲೇ ಕೈಲಿದ್ದ ಚಾವಟಿ ಕೆಳಗಿಟ್ಟ.

"ನನ್ ಗಾಡಿ ಸಾಯ್ಸಕ್ಕೆ ನಾನೇ ದುಡ್ ಕೊಟ್ಟು ವಿಷ ತರ್ಬೇಕೇನ್ಲಾ? ಬಸ್ನಾಗೆ ಕುಂತ್ಕೊಳ್ಳೋನು ಟಿಕೀಟ್ ತಗೊಳ್ಳಲ್ವಾ? ಹೋಗ್ಲಾ, ಹೇಳೋಗು ನಿಮ್ ಪ್ರೆಸಿಡೆಂಟ್ಗೆ."

ಮಾಫಿಯ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಆಮೇಲೆ ನೋಟಿಸ್ ಕೊಟ್ಟೆ, ಮತ್ತೊಂದು ಕೊಟ್ಟೆ. ಎರಡನ್ನೂ ಅವನು ಎತ್ತಿನ ಗೊಂತಿಗೆ ಎಸೆದ. ಪ್ರೆಸಿಡೆಂಟರು, "ಅರ್ಜಿ ಕೊಡು ಅಂತ ಹೇಳ್ದೇನಯ್ಯಾ ಅವ್ನಿಗೆ?" ಎಂದು ಕೇಳಿದರು. "ಹೇಳ್ದೆ ಸಾಮಿ. ಕೇಳೋ ಜಾತಿ ಅಲ್ಲ" ಎಂದೆ. ಅವರು ನಿಟ್ಟುಸಿರು ಬಿಟ್ಟು ಜಪ್ತಿಗೆ ಸಹಿ ಹಾಕಿದರು.

ಜಪ್ತಿ ಎಂದರೆ ಕಂದಾಯಕ್ಕೆ ಬದಲಾಗಿ ಮನೆಯ ವಸ್ತು ಎತ್ತಿಕೊಂಡು ಹೋಗಿ ಹರಾಜು ಹಾಕುವುದು. ಸಾಮಾನ್ಯವಾಗಿ ತಪ್ಪಲೆ, ಕೊಳಗ ಎತ್ತುತ್ತಿದ್ದೆವು. ನಾನು ತಲೆಬಾಗಿಲು ಆರಿಸಿಕೊಂಡೆ. ತಾತ ಹೊನ್ನೆ ಮರ ಕಡಿಸಿ ಮಾಡಿಸಿದ್ದ ಜೋಡಿ ಬಾಗಿಲು ಅದು. ಅಣ್ಣ ಗಾಡಿ ಹೊಡೆದುಕೊಂಡು ಹೋಗಿದ್ದ. ಅತ್ತಿಗೆ ಆಗಷ್ಟೇ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟಿದ್ದಳು. ನನ್ನ ಹಿಂದಿದ್ದ ಆಳುಗಳ ಕೈಯಲ್ಲಿ ಹಾರೆ ನೋಡಿ ಅವಳಿಗೆ ಅರ್ಥವಾಯಿತು.

"ಒಳೀಕ್ ಬಂದು ನೀರ್ ಕುಡ್ದು ಬಿಚ್ಕೊಂಡೋಗಪ್ಪ" ಎಂದಳು. "ಬಿಸ್ಲಾಗೆ ಬಂದಿದ್ದೀಯ."

ನಾನು ಕುಡಿಯಲಿಲ್ಲ. ಬಾಗಿಲು ಕೀಲಿನಿಂದ ಕಿತ್ತು ಬಂದಾಗ ಆದ ಸದ್ದು ನನಗೆ ಎಷ್ಟು ಹಿತವಾಗಿತ್ತು ಎಂಬುದನ್ನು ಇಂದು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಬೀದಿಯವರೆಲ್ಲ ನೋಡುತ್ತಿದ್ದರು. ಅವರು ನೋಡಲಿ ಎಂದೇ ದೊಡ್ಡ ಬೀದಿಯಲ್ಲಿ ಹೊರಿಸಿಕೊಂಡು ಹೋದೆ.

ಹರಾಜಿನಲ್ಲಿ ಒಬ್ಬನೂ ಕೂಗಲಿಲ್ಲ. ಇನ್ನೊಬ್ಬರ ತಲೆಬಾಗಿಲನ್ನು ಯಾರು ತಾನೆ ಮನೆಗೆ ತಂದಾರು? ಕೊನೆಗೆ ತಂಗುದಾಣ ಕಟ್ಟುತ್ತಿದ್ದ ಮೇಸ್ತ್ರಿ ಎರಡೂ ಬಾಗಿಲನ್ನು ಕಲ್ಲುಗಳ ಮೇಲೆ ಅಡ್ಡ ಹಾಸಿ ಕೂರುವ ಬೆಂಚು ಮಾಡಿದ.

ಮೊದಲ ಬಸ್ಸು ಬಂದ ದಿನ ಊರೆಲ್ಲ ಅಲ್ಲಿತ್ತು. ತೆಂಗಿನಕಾಯಿ ಒಡೆದರು, ಡ್ರೈವರಿಗೆ ಹಾರ ಹಾಕಿದರು. ಅಣ್ಣನೂ ಬಂದು ದೂರದಲ್ಲಿ ನಿಂತಿದ್ದ. ಪಕ್ಕದ ಹಳ್ಳಿಯ ಗಾಡಿ ಚಿನ್ನಪ್ಪ ಅವನ ಹೆಗಲ ಮೇಲೆ ಕೈಹಾಕಿ, "ನಮ್ಗೆಲ್ಲಾ ಬಸ್ನ ಪಾಲು ಮಾಫಿ ಆಯ್ತು ಕಣಣ್ಣ. ನಿನ್ ತಮ್ಮನೇ ಅರ್ಜಿ ಬರ್ಕೊಟ್ಟ. ನೀನ್ಯಾಕೆ ಕೊಡ್ಲಿಲ್ಲ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

ಅಣ್ಣ ನನ್ನ ಕಡೆ ತಿರುಗಿದ. ಪ್ರೆಸಿಡೆಂಟರೂ ತಿರುಗಿದರು. ನಾನು ಹಾರದಿಂದ ಬಿದ್ದ ಹೂವು ನೋಡುತ್ತ ನಿಂತೆ. ಪ್ರೆಸಿಡೆಂಟರಿಗೆ ಎಲ್ಲ ಹೊಳೆಯಿತು. "ಮುನಿಯಪ್ಪ, ತಪ್ಪಾಗೋಯ್ತು. ಇವತ್ತೇ ಬಾಗ್ಲು ಕಳಿಸ್ತೀನಿ" ಎಂದರು.

"ಬ್ಯಾಡ ಸಾಮಿ" ಎಂದ ಅಣ್ಣ. "ಅಲ್ಲೇ ಇರ್ಲಿ. ನನ್ ತಮ್ಮ ದಿನಾ ಪಂಚಾಯ್ತಿ ಆಫೀಸ್ಗೆ ಈ ಬಸ್ಗೇ ಹೋಗ್ಬೇಕು. ಪಾಪ, ಕುಂತ್ಕೊಳ್ಳಕ್ಕೆ ಬೇಕಲ್ಲ."

ಅವನ ಸೇಡು ಅಲ್ಲಿಂದ ಶುರುವಾಯಿತು. ಬೈಯಲಿಲ್ಲ, ಹೊಡೆಯಲಿಲ್ಲ. ತಲೆಬಾಗಿಲಿಗೆ ಗೋಣಿಪಟ್ಟೆ ಕಟ್ಟಿ ಹಾಗೇ ಬಿಟ್ಟ. ಎತ್ತು ಮಾರಿ ಮೂಕಂಡಪಲ್ಲಿಯ ಕಾರ್ಖಾನೆಯೊಂದಕ್ಕೆ ವಾಚ್‌ಮನ್ ಆಗಿ ಸೇರಿದ. ಒಂದು ದಿನವೂ ಬಸ್ಸು ಹತ್ತಲಿಲ್ಲ. ಕಿಟಕಿಯಿಂದ ನೋಡಿದರೆ ಧೂಳಿನಲ್ಲಿ ಟವೆಲ್ಲು ತಲೆಗೆ ಸುತ್ತಿಕೊಂಡು ನಡೆಯುತ್ತಿರುತ್ತಿದ್ದ. ಬಸ್ಸು ದಾಟುವಾಗ ತಲೆ ಎತ್ತಿ ಸರಿಯಾಗಿ ನಾನಿರುವ ಕಿಟಕಿಯನ್ನೇ ಹುಡುಕುತ್ತಿದ್ದ. ನನ್ನ ಸರ್ವೀಸು ಮುಗಿಯುವವರೆಗೂ ನಾನು ಆ ಬೆಂಚಿನ ಮೇಲೆ ಕೂರಲಿಲ್ಲ. ಬಸ್ಸು ತಡವಾದಾಗ ನಿಂತೇ ಇರುತ್ತಿದ್ದೆ. ಹೊಸಬರು "ಕೂತ್ಕೊಳ್ಳಿ ಸಾರ್" ಎನ್ನುತ್ತಿದ್ದರು. ಹಳಬರು ಎನ್ನುತ್ತಿರಲಿಲ್ಲ.

ಈಗ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದಿಷ್ಟೆ. ಕಂದಾಯ ಕೇಳುವ ಮುಂಚೆ ಮಾಫಿ ಏನಿದೆ ಎಂದು ಹೇಳಿ. ಯಾರ ಮೇಲೆ ನಿಮಗೆ ಹಗೆ ಇದೆಯೋ ಅವರ ಮನೆಗೆ ಮೊದಲು ಹೋಗಿ ಹೇಳಿ. ಸರ್ಕಾರ ನಮ್ಮ ಕೈಗೆ ಕೊಡುವ ರಸೀದಿ ಪುಸ್ತಕಕ್ಕಿಂತ ನಾವು ಹೇಳದೆ ನುಂಗುವ ಮಾತಿಗೆ ಬಲ ಹೆಚ್ಚು.

ಅಣ್ಣ ಹಾಸಿಗೆ ಹಿಡಿದ ಮೇಲೆ ಒಮ್ಮೆ ಕ್ಷಮೆ ಕೇಳಬೇಕೆಂದು ಹೋದೆ. ಗೋಣಿಪಟ್ಟೆಯ ಹೊರಗೆ ನಿಂತು, "ಅಣ್ಣಾ, ನಾನು" ಎಂದೆ. ಒಳಗೆ ಕೆಮ್ಮು ನಿಂತಿತು.

"ಬಾಗ್ಲು ತಟ್ಬುಟ್ಟು ಬಾರ್ಲಾ" ಎಂದ.